ಉಬುಂಟು 22.04ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಸಿಗುತ್ತಿಲ್ಲ’ ಎಂದು ಹಳೆಯ ಪ್ರೋಗ್ರಾಂ ನಿಲ್ಲುತ್ತಿದೆ. ಆ ಹೆಸರಿನಲ್ಲಿ ಹೊಸ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3ಕ್ಕೆ ಸಿಮ್‌ಲಿಂಕ್ (ಬೇರೆ ಫೈಲಿಗೆ ಕೈತೋರುವ ಹೆಸರು) ಹಾಕಿದರೂ ಓಡುತ್ತಿಲ್ಲ. ಏನು ಮಾಡಲಿ?

ಲಿಬ್‌ಎಸ್‌ಎಸ್‌ಎಲ್ ಎಂಬುದು ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ. ಮೊದಲು ಆ ಸಿಮ್‌ಲಿಂಕ್ ಅಳಿಸಿ. ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ಜೋಡಿಸುವ ಲೋಡರ್, ಫೈಲಿನ ಹೆಸರನ್ನಷ್ಟೇ ಅಲ್ಲ, ಒಳಗಿನ ಸಿಂಬಲ್‌ಗಳ (ಫಂಕ್ಷನ್ ಮುಂತಾದವುಗಳ ಹೆಸರುಗಳ) ವರ್ಷನ್ನನ್ನೂ ತಾಳೆ ನೋಡುತ್ತದೆ. ಅದಕ್ಕೇ ‘ಓಪನ್‌ಎಸ್‌ಎಸ್‌ಎಲ್_1_1_0 ನಾಟ್ ಫೌಂಡ್’ ಎಂದು ಬರುವುದು. ಸಿಂಬಲ್‌ಗಳಿಗೆ ವರ್ಷನ್ ಇಲ್ಲದ ಲೈಬ್ರರಿಗಳಲ್ಲಂತೂ ಈ ಉಪಾಯ ಇನ್ನೂ ಅಪಾಯ: ಪ್ರೋಗ್ರಾಂ ಶುರುವಾಗಿ, ಕೆಲಸದ ನಡುವೆ ಸೆಗ್‌ಫಾಲ್ಟ್ (ಮೆಮೊರಿ ತಪ್ಪು) ಆಗಿ ನಿಂತುಬಿಡಬಹುದು.

ಯಾವ ಯಾವ ಲೈಬ್ರರಿ ಸಿಗುತ್ತಿಲ್ಲ ಎಂಬುದನ್ನು ‘ಎಲ್‌ಡಿಡಿ’ ಕಮಾಂಡ್ ತೋರಿಸುತ್ತದೆ. ನಂಬಿಕೆಯಿಲ್ಲದ ಫೈಲಿನ ಮೇಲೆ ಅದನ್ನು ಬಳಸಬೇಡಿ, ಕೆಲವೊಮ್ಮೆ ಆ ಫೈಲೇ ಓಡಿಬಿಡುತ್ತದೆ. ಬದಲಿಗೆ ‘ಆಬ್ಜ್‌ಡಂಪ್ -ಪಿ’ ಕೊಟ್ಟು ‘ನೀಡೆಡ್’ ಸಾಲುಗಳನ್ನು ನೋಡಿ. ಲೋಡರ್ ಯಾವ ಯಾವ ಫೋಲ್ಡರಿನಲ್ಲಿ ಹುಡುಕುತ್ತಿದೆ ಎಂದು ತಿಳಿಯಲು ‘ಎಲ್‌ಡಿ_ಡೀಬಗ್=ಲಿಬ್ಸ್’ ಇಟ್ಟು ಓಡಿಸಿ.

ಕೆಲವರಿಗೆ ಫೈಲ್ ಇದ್ದೂ ಸಿಗುವುದಿಲ್ಲ. ಸ್ವತಃ ಕಂಪೈಲ್ ಮಾಡಿ ‘/ಯುಎಸ್‌ಆರ್/ಲೋಕಲ್/ಲಿಬ್’ಗೆ ಹಾಕಿದ್ದರೆ ಲೋಡರಿನ ಪಟ್ಟಿಯನ್ನು ಹೊಸದು ಮಾಡುವ ‘ಸುಡೊ ಎಲ್‌ಡಿಕಾನ್ಫಿಗ್’ ಸಾಕು. ಫೆಡೋರಾದಲ್ಲಾದರೆ ಮೊದಲು ಆ ದಾರಿಯನ್ನು ‘/ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ’ಯೊಳಗಿನ ಒಂದು ಫೈಲಿನಲ್ಲಿ ಬರೆಯಬೇಕು. ‘ರಾಂಗ್ ಇಎಲ್‌ಎಫ್ ಕ್ಲಾಸ್’ ಎಂದರೆ 32-64 ಬಿಟ್ ಹೊಂದುತ್ತಿಲ್ಲ ಎಂದರ್ಥ.

ನಿಮ್ಮಲ್ಲಿ ಫೈಲೇ ಇಲ್ಲ. 22.04ರ ರೆಪೊದಲ್ಲಿ (ಪ್ಯಾಕೇಜ್ ಸಂಗ್ರಹದಲ್ಲಿ) ಇರುವುದು ಓಪನ್‌ಎಸ್‌ಎಸ್‌ಎಲ್ 3. ಸೋರ್ಸ್ ಇದ್ದರೆ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಹಾಕಿ ಮತ್ತೆ ಕಂಪೈಲ್ ಮಾಡುವುದೇ ಸರಿಯಾದ ದಾರಿ. ಇಲ್ಲವಾದರೆ ಉಬುಂಟು ಆರ್ಕೈವ್‌ನಿಂದ 20.04ರ ‘ಲಿಬ್‌ಎಸ್‌ಎಸ್‌ಎಲ್1.1’ ಡೆಬ್ ಫೈಲನ್ನು ಇಳಿಸಿಕೊಳ್ಳಿ. ಇನ್‌ಸ್ಟಾಲ್ ಮಾಡಬೇಡಿ, ‘ಡಿಪಿಕೆಜಿ -ಎಕ್ಸ್’ನಿಂದ ಬಿಚ್ಚಿ, ಲಿಬ್‌ಎಸ್‌ಎಸ್‌ಎಲ್ ಮತ್ತು ಲಿಬ್‌ಕ್ರಿಪ್ಟೊ ಎರಡನ್ನೂ ಪ್ರೋಗ್ರಾಂ ಪಕ್ಕದ ‘ಲಿಬ್’ ಫೋಲ್ಡರಿಗೆ ಹಾಕಿ. ಆ ಫೋಲ್ಡರಿನ ಪೂರ್ತಿ ಪಾತನ್ನು ‘ಎಲ್‌ಡಿ_ಲೈಬ್ರರಿ_ಪಾತ್’ಗೆ ಕೊಟ್ಟು ಅದೇ ಸಾಲಿನಲ್ಲಿ ಪ್ರೋಗ್ರಾಂ ಓಡಿಸಿ. ಇದನ್ನು ಪ್ರತಿ ಸಲ ಟರ್ಮಿನಲ್ ತೆರೆದಾಗ ಓಡುವ ‘.ಬ್ಯಾಶ್‌ಆರ್‌ಸಿ’ಗೆ ಹಾಕಿದರೆ ಮಿಕ್ಕ ಪ್ರೋಗ್ರಾಂಗಳೂ ಮೊದಲು ಅದೇ ಫೋಲ್ಡರಿನಲ್ಲಿ ಹುಡುಕುತ್ತವೆ, ದಯವಿಟ್ಟು ಬೇಡ.

ಕಾಯಂ ಆಗಿ ಬೇಕಿದ್ದರೆ, ಲೈಬ್ರರಿ ಹುಡುಕುವ ದಾರಿಯನ್ನು (ಆರ್‌ಪಾತ್) ಪ್ರೋಗ್ರಾಂ ಫೈಲಿನೊಳಗೇ ಬರೆಯುವ ‘ಪ್ಯಾಚೆಲ್ಫ್’ನಲ್ಲಿ ‘--ಸೆಟ್-ಆರ್‌ಪಾತ್’ಗೆ ‘$ಒರಿಜಿನ್/ಲಿಬ್’ (ಅಂದರೆ ಪ್ರೋಗ್ರಾಂ ಪಕ್ಕದ ‘ಲಿಬ್’) ಕೊಡಿ, ಸಿಂಗಲ್ ಕೋಟ್ ಒಳಗೆ. ಇಲ್ಲದಿದ್ದರೆ ಶೆಲ್ ಅದನ್ನು ನುಂಗುತ್ತದೆ. ಜೊತೆಗೆ ‘--ಫೋರ್ಸ್-ಆರ್‌ಪಾತ್’ ಬೇಕು. ಅದಿಲ್ಲದಿದ್ದರೆ ಆರ್‌ಪಾತ್ ಬದಲು ರನ್‌ಪಾತ್ ಎಂಬ ಇನ್ನೊಂದು ಬಗೆಯ ದಾರಿ ಬರೆಯಲಾಗುತ್ತದೆ; ಅದು, ಲಿಬ್‌ಎಸ್‌ಎಸ್‌ಎಲ್ ತನಗೆ ಬೇಕಾದ ಲಿಬ್‌ಕ್ರಿಪ್ಟೊವನ್ನು ಹುಡುಕುವಾಗ ಅನ್ವಯಿಸುವುದಿಲ್ಲ.

ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಅದರ ಮೂಲ ಯೋಜನೆಯಿಂದ ಬರುತ್ತಿದ್ದ ಸಾರ್ವಜನಿಕ ಭದ್ರತಾ ಅಪ್‌ಡೇಟ್‌ಗಳು 2023ರ ಸೆಪ್ಟೆಂಬರ್‌ಗೇ ನಿಂತಿವೆ. ನಿಮ್ಮ ಪ್ರೋಗ್ರಾಂ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದರೆ ಹೀಗೆ ಓಡಿಸಬೇಡಿ, ತಯಾರಕರಿಂದ ಹೊಸ ಬಿಲ್ಡ್ ಕೇಳಿ ಪಡೆಯಿರಿ.