ಚಿನ್ನದ ಕಣಗಳ ಲೇಖನದ ಬಗ್ಗೆ

ನಮಸ್ಕಾರ. ಮುಲುಂಡಿನಿಂದ ನೀವು ಕಳಿಸಿದ ಚಿನ್ನದ ನ್ಯಾನೋ ಕಣಗಳ ವೈದ್ಯಕೀಯ ಬಳಕೆಯ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ಒಳ್ಳೆಯದು. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟೇ ಬಂತು.

'ಚಿನ್ನ ದೇಹಕ್ಕೆ ಏನೂ ಮಾಡುವುದಿಲ್ಲ, ಹಾಗಾಗಿ ಅದರ ಕಣಗಳೂ ಸುರಕ್ಷಿತ' ಎಂದಿದ್ದೀರಿ. ಯಾರು ಹೇಳಿದ್ದು? ಝವೇರಿ ಬಜಾರಿನ ಬಳೆ ಹಳದಿ. ಅದೇ ಚಿನ್ನವನ್ನು 20 ನ್ಯಾನೋಮೀಟರಿನ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಒಂದು ನ್ಯಾನೋಮೀಟರ್) ಕಣ ಮಾಡಿ ನೀರಿಗೆ ಬಿಟ್ಟರೆ ಕೆಂಪು. ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ 1857ರಲ್ಲೇ ಈ ಕೆಂಪು ದ್ರವದ ಬಗ್ಗೆ ಬರೆದಿದ್ದ. ಗರ್ಭಪರೀಕ್ಷೆಯ ಕಿಟ್‌ನಲ್ಲಿ ಮೂಡುವ ಗೆರೆ ಎಷ್ಟೋ ಸಲ ಈ ಕಣಗಳದ್ದೇ. ಗಾತ್ರ ಇಳಿದರೆ ಬಣ್ಣವೇ ಬೇರೆ ಆಗುತ್ತೆ, ಗುಣ ಮಾತ್ರ ಹಾಗೇ ಇರುತ್ತಾ? 1.4 ನ್ಯಾನೋಮೀಟರಿನ ಕಣಗಳು ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಕೊಂದಿವೆ, 15ರವು ಕೊಂದಿಲ್ಲ. ಕಡ್ಡಿಯಾಕಾರದ ಕಣ ತಯಾರಿಸಲು ಸಿಟಿಎಬಿ ಅನ್ನುವ ಸೋಪಿನ ಜಾತಿಯ ರಾಸಾಯನಿಕ ಬಳಸುತ್ತಾರೆ. ಅದು ಪೂರ್ತಿ ತೊಳೆದು ಹೋಗದಿದ್ದರೆ ಅದೇ ವಿಷ. ದೊಡ್ಡ ಕಣಗಳು ಮೂತ್ರದಲ್ಲಿ ಹೋಗುವುದಿಲ್ಲ, ಲಿವರ್ ಮತ್ತು ಗುಲ್ಮದಲ್ಲಿ (ಸ್ಪ್ಲೀನ್) ತಿಂಗಳುಗಟ್ಟಲೆ ಕೂರುತ್ತವೆ. ನೀವು ಇದಕ್ಕೆಲ್ಲ ಸೇರಿ ಕೊಟ್ಟಿದ್ದು 'ಆದರೂ ಎಚ್ಚರ ಅಗತ್ಯ' ಅನ್ನುವ ಒಂದೇ ಸಾಲು!

ಅದರ ಕೆಳಗೇ 'ಕ್ಯಾನ್ಸರ್‌ಗೆ ರಾಮಬಾಣ ಸಿಕ್ಕಿದೆ.' ಯಾವ ಕ್ಯಾನ್ಸರ್? ಎಷ್ಟು ರೋಗಿಗಳು? ಅಮೆರಿಕದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಒಳಗೆ ಸಿಲಿಕಾ, ಮೇಲೆ ಚಿನ್ನದ ತೆಳು ಪದರ ಇರುವ ಕಣಗಳನ್ನು ರಕ್ತಕ್ಕೆ ಬಿಟ್ಟು, ಪ್ರಾಸ್ಟೇಟ್ ಗಡ್ಡೆಯೊಳಗೆ ಲೇಸರ್ ಹಾಯಿಸಿದರು. ಕಣ ಕಾದು ಗಡ್ಡೆಯನ್ನು ಸುಡುತ್ತದೆ. ಪ್ರಯೋಗದಲ್ಲಿ ಇದ್ದವರು 16 ಜನ. ಚಿಕಿತ್ಸೆ ಪೂರ್ತಿಯಾದದ್ದು 15 ಜನರಿಗೆ. ಇಷ್ಟನ್ನೇ ಬರೆದಿದ್ದರೆ ಓದುಗ ಬೆರಗಾಗುತ್ತಿದ್ದ, ಮೋಸವೂ ಹೋಗುತ್ತಿರಲಿಲ್ಲ.

ನಾನು ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ ಕಾಲದಲ್ಲಿ ನಮ್ಮ ಸಂಪಾದಕರು ಗ್ಯಾಲಿಯ, ಅಂದರೆ ತಿದ್ದಲು ತೆಗೆದ ಕರಡಚ್ಚಿನ, ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ 'ಎಷ್ಟು?' ಅಂತ ಬರೆದು ಇಡುತ್ತಿದ್ದರು. ಬೈಗುಳ ಇಲ್ಲ, ವಿವರಣೆ ಇಲ್ಲ. ಉತ್ತರ ಸಿಗುವವರೆಗೆ ಆ ಪುಟ ಮಶೀನಿಗೆ ಹೋಗುತ್ತಿರಲಿಲ್ಲ, ನನಗೂ ಕಲ್ಯಾಣ್ ಲೋಕಲ್ ತಪ್ಪುತ್ತಿತ್ತು. ಆಗ ಮನಸ್ಸಿನಲ್ಲೇ ಶಪಿಸುತ್ತಿದ್ದೆ, ಸುಳ್ಳು ಹೇಳಲಾರೆ.

ನಮ್ಮ ಓದುಗರಲ್ಲಿ ಎಷ್ಟೋ ಜನರ ಮನೆಯಲ್ಲಿ, ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ತೋರಿಸಲು ಊರಿಂದ ಬಂದ ನೆಂಟರು ಇಳಿದುಕೊಂಡಿರುತ್ತಾರೆ. ಅವರು 'ರಾಮಬಾಣ' ಓದಿದರೆ ಮರುದಿನವೇ ಡಾಕ್ಟರ ಹತ್ತಿರ ಕೇಳುತ್ತಾರೆ.

ಆ ಪುಟ ಪೂರ್ತಿ ಹೊಸದಾಗಿ ಬರೆದು ಕಳಿಸಿ. ಸ್ವರ್ಣಭಸ್ಮದ ಪ್ಯಾರಾ ಸದ್ಯಕ್ಕೆ ತೆಗೆದುಬಿಡಿ, ಅದು ಬೇರೆಯೇ ಲೇಖನ.