ಓದುಗರ ಪ್ರಶ್ನೆ: ತಾರಸಿಗೊಂದು ಟೆಲಿಸ್ಕೋಪ್

ಮಳೆಗಾಲ ಕಳೆದು ಆಕಾಶ ತಿಳಿಯಾಗುತ್ತಿದ್ದಂತೆ ಟೆಲಿಸ್ಕೋಪ್ ಬಗ್ಗೆ ಪತ್ರಗಳು ಬರತೊಡಗುತ್ತವೆ. ಕೊಳ್ಳುವ ಮುಂಚೆ ಕೇಳಿದವರಿದ್ದಾರೆ, ಕೊಂಡು ಏನೂ ಕಾಣದೆ ಬೇಸರಗೊಂಡವರೂ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಎಂಟನೇ ತರಗತಿಯ ಮಗಳಿಗೆ ಟೆಲಿಸ್ಕೋಪ್ ಕೊಡಿಸಬೇಕೆಂದಿದ್ದೇವೆ. ಒಂದು 60 ಮಿ.ಮೀ. ಮಸೂರದ್ದು, ಟ್ರೈಪಾಡ್ ಸಮೇತ ಬರುತ್ತದೆ, ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದಿದೆ. ಇನ್ನೊಂದು 130 ಮಿ.ಮೀ. ಕನ್ನಡಿಯದು, ಮೇಜಿನ ಮೇಲಿಡುವಂಥದ್ದು. ಬೆಲೆ ಜಾಸ್ತಿ, ಆದರೆ ದೊಡ್ಡದಾಗಿ ತೋರಿಸುವುದು 65 ಪಟ್ಟು ಮಾತ್ರವಂತೆ. ಯಾವುದನ್ನು ಕೊಳ್ಳೋಣ? (ತುಮಕೂರು)

ಎರಡನೆಯದನ್ನೇ ಕೊಳ್ಳಿ.

ಆ 525 ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿದರೆ ವಿಷಯ ಅರ್ಥವಾಗುತ್ತದೆ. ಟೆಲಿಸ್ಕೋಪಿನ ಸಂಗಮ ದೂರವನ್ನು (ಮಸೂರ ಅಥವಾ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಬಿಂದುವಿಗಿರುವ ದೂರ) ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಚಿಕ್ಕ ಮಸೂರದ, ಸಂಗಮ ದೂರದಿಂದ ಭಾಗಿಸಿದರೆ ಸಿಗುವುದೇ ವರ್ಧನೆ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. 700 ಮಿ.ಮೀ. ಕೊಳವೆಗೆ 4 ಮಿ.ಮೀ. ಐಪೀಸ್ ಹಾಕಿದರೆ 175. ಅದರ ಮೇಲೆ ವರ್ಧನೆಯನ್ನು ಮೂರು ಪಟ್ಟು ಮಾಡುವ ಬಾರ್ಲೋ ಮಸೂರ ಸೇರಿಸಿದರೆ 525. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಕಣ್ಣಿಗೆ ಕಾಣುವುದು ಮಂಕಾದ, ನಡುಗುವ ಒಂದು ಮುದ್ದೆ ಮಾತ್ರ. 60 ಮಿ.ಮೀ. ಮಸೂರ ಹಿಡಿದಿಡುವ ಬೆಳಕು ಎಷ್ಟೋ ಅಷ್ಟೇ. ಅದನ್ನು ಎಳೆದಷ್ಟೂ ತೆಳುವಾಗುತ್ತದೆ. ಮಸೂರ ಅಥವಾ ಕನ್ನಡಿಯ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ವರ್ಧನೆ ಮೇಲಿನ ಮಿತಿ ಎಂದು ಇಟ್ಟುಕೊಳ್ಳಿ. 60ಕ್ಕೆ 120, 130ಕ್ಕೆ 260. ಆ ಮಿತಿ ಮುಟ್ಟುವ ರಾತ್ರಿಗಳೂ ನಮ್ಮಲ್ಲಿ ಕಡಿಮೆ.

ಬೆಳಕು ಹಿಡಿಯುವ ಶಕ್ತಿ ವ್ಯಾಸದ ವರ್ಗಕ್ಕೆ ಅನುಗುಣ. ಒಳಗಿನ ಚಿಕ್ಕ ಕನ್ನಡಿಯ ಅಡ್ಡ, ಪ್ರತಿಫಲನದ ನಷ್ಟ ಎಲ್ಲ ಕಳೆದರೂ 130ರದ್ದು 60ರದ್ದಕ್ಕಿಂತ ಮೂರು ಪಟ್ಟು ಮಿಕ್ಕಿ ಬೆಳಕು ಕೊಡುತ್ತದೆ. ಈ ಬಗೆಯವು ಸಾಮಾನ್ಯವಾಗಿ 650 ಮಿ.ಮೀ. ಸಂಗಮ ದೂರದವು. ಜೊತೆಗೆ ಬರುವ 25 ಮಿ.ಮೀ. ಐಪೀಸಿನಲ್ಲಿ 26 ಪಟ್ಟು, 10 ಮಿ.ಮೀ.ನದರಲ್ಲಿ 65 ಪಟ್ಟು. ಗುರುವಿನ ನಾಲ್ಕು ಚಂದ್ರರಿಗೆ 26 ಸಾಕು, ಅದರ ಮೋಡದ ಪಟ್ಟಿಗಳಿಗೆ 65. ಮುಂದೆ ಎರಡು ಪಟ್ಟಿನ ಒಂದು ಬಾರ್ಲೋ ಕೊಂಡರೆ 130 ಪಟ್ಟು ಸಿಗುತ್ತದೆ. ಅಲ್ಲಿಗೆ ಹಲವು ವರ್ಷ ನಡೆಯುತ್ತದೆ.

ಇಡೀ ಉಪಕರಣದ ತೂಕ ಆರು ಕಿಲೊ ಆಸುಪಾಸು. ಎಂಟನೇ ತರಗತಿಯ ಹುಡುಗಿ ಒಬ್ಬಳೇ ಎತ್ತಿಕೊಂಡು ಮೆಟ್ಟಿಲು ಹತ್ತಬಹುದು. ಇದು ಸಣ್ಣ ಮಾತಲ್ಲ. ಎರಡು ಸಲ ಹೊತ್ತು ಜೋಡಿಸಬೇಕಾದ ಟೆಲಿಸ್ಕೋಪ್ ತಿಂಗಳೊಳಗೆ ಅಟ್ಟ ಸೇರುತ್ತದೆ. ಆದರೆ ‘ಮೇಜಿನ ಮೇಲಿಡುವಂಥದ್ದು’ ಎಂದ ಮೇಲೆ ಕೆಳಗೆ ಏನಾದರೂ ಬೇಕಲ್ಲ? ಪ್ಲಾಸ್ಟಿಕ್ ಸ್ಟೂಲ್ ಬೇಡ, ಮುಟ್ಟಿದರೆ ಅಲುಗುತ್ತದೆ. ಮೂರು ಕಾಲಿನ ಗಟ್ಟಿ ಮರದ ಸ್ಟೂಲ್ ಉತ್ತಮ, ನೆಲ ಸಮವಿಲ್ಲದಿದ್ದರೂ ಕುಂಟುವುದಿಲ್ಲ. ಇಲ್ಲವಾದರೆ ಸಿಮೆಂಟ್ ಬ್ಲಾಕುಗಳನ್ನು ಜೋಡಿಸಿ ಮೇಲೊಂದು ಹಲಗೆ ಇಡಿ. ತಾರಸಿಯ ಪ್ಯಾರಾಪೆಟ್ ಗೋಡೆಯ ಮೇಲೆ ಮಾತ್ರ ಇಡಬೇಡಿ.

ಕೊಳವೆ ಎಳೆದು ಉದ್ದ ಮಾಡುವ ಮಾದರಿಯಾದರೆ ನಡುವೆ ತೆರೆದಿರುತ್ತದೆ. ಬೀದಿದೀಪದ ಬೆಳಕು ಅಲ್ಲಿಂದ ನುಗ್ಗಿ ಚಿತ್ರ ಬಿಳಿಚಿಕೊಳ್ಳುತ್ತದೆ. ಸ್ಟೇಷನರಿ ಅಂಗಡಿಯ ಕಪ್ಪು ಫೋಮ್ ಶೀಟ್ ಸುರುಳಿ ಮಾಡಿ ಸುತ್ತಿ. ಇಂಥವುಗಳಲ್ಲಿ ಐಪೀಸ್ ಹಿಡಿಯುವ ಭಾಗವನ್ನು ತಿರುಪಿನ ಹಾಗೆ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ, ಅದು ಸಡಿಲವಿದ್ದು ಆಡುವುದೂ ಉಂಟು. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಆ ತಿರುಪಿಗೆ ಎರಡು ಮೂರು ಸುತ್ತು ಹಾಕಿದರೆ ಬಿಗಿಯಾಗಿ, ಮೆತ್ತಗೆ ತಿರುಗುತ್ತದೆ.

ಅಷ್ಟು ಹಣ ಹೊಂದದಿದ್ದರೆ 70 ಮಿ.ಮೀ. ಮಸೂರದ, 700 ಮಿ.ಮೀ. ಸಂಗಮ ದೂರದ್ದನ್ನು ನೋಡಿ. ಕೊಳ್ಳುವ ಮುಂಚೆ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನೋಟ ಎರಡು ಮೂರು ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಆ ಟ್ರೈಪಾಡ್ ಕೆಲಸಕ್ಕೆ ಬಾರದು. ಅದಕ್ಕಿಂತಲೂ ಕಡಿಮೆ ಹಣವಾದರೆ 10×50 ಬೈನಾಕ್ಯುಲರ್ ಕೊಳ್ಳಿ, ಆಟಿಕೆ ಟೆಲಿಸ್ಕೋಪಿಗಿಂತ ಹೆಚ್ಚು ತೋರಿಸುತ್ತದೆ. ‘ಸಂಗಮ ದೂರ 1000 ಮಿ.ಮೀ.’ ಎಂದು ಬರೆದಿದ್ದು ಕನ್ನಡಿಯ ಕೊಳವೆ ಅರ್ಧ ಮೀಟರೂ ಇಲ್ಲದಿದ್ದರೆ ದೂರವಿರಿ. ಸಂಗಮ ದೂರ ಹೆಚ್ಚಿಸಲು ಒಳಗೊಂದು ಮಸೂರ ಸೇರಿಸಿರುತ್ತಾರೆ. ಅಗ್ಗದವುಗಳಲ್ಲಿ ಅದೇ ಚಿತ್ರವನ್ನು ಕೆಡಿಸುತ್ತದೆ, ಕನ್ನಡಿ ಸರಿಹೊಂದಿಸುವುದೂ ಕಷ್ಟ.

ಟೆಲಿಸ್ಕೋಪ್ ಬಂದು ಹದಿನೈದು ದಿನವಾಯಿತು. ಐಪೀಸಿನಲ್ಲಿ ನೋಡಿದರೆ ಬರೀ ಕಪ್ಪು. ಚಂದ್ರ ಕೂಡ ಸಿಗುತ್ತಿಲ್ಲ. ಕೆಟ್ಟಿದೆಯೇ? (ಹುಬ್ಬಳ್ಳಿ)

ಬಹುತೇಕ ಕೆಟ್ಟಿಲ್ಲ. ಮೊದಲ ಪಾಠ ರಾತ್ರಿಯಲ್ಲಲ್ಲ, ಹಗಲಿನಲ್ಲಿ ಆಗಬೇಕು.

ಸಂಜೆ ನಾಲ್ಕು ಗಂಟೆಗೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಮುಂದಿನ ಮುಚ್ಚಳವನ್ನು ಪೂರ್ತಿ ತೆಗೆಯಿರಿ. ಕೆಲವು ಮುಚ್ಚಳಗಳ ನಡುವೆ ಚಿಕ್ಕ ಮುಚ್ಚಳ ಇರುತ್ತದೆ, ಅದನ್ನಷ್ಟೇ ತೆಗೆದು ದೊಡ್ಡದನ್ನು ಬಿಟ್ಟವರು ಅನೇಕರು. 25 ಮಿ.ಮೀ. ಐಪೀಸ್ ಹಾಕಿ. ಐಪೀಸಿನ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ವರ್ಧನೆ ಕಡಿಮೆ, ನೋಟ ಅಗಲ. ಬಾರ್ಲೋ ಇದ್ದರೆ ಪೆಟ್ಟಿಗೆಯಲ್ಲೇ ಇರಲಿ.

ಕನಿಷ್ಠ ಅರ್ಧ ಕಿಲೋಮೀಟರ್ ದೂರದ ಮೊಬೈಲ್ ಟವರಿನ ತುದಿಯನ್ನೋ ಗೋಪುರದ ಕಳಶವನ್ನೋ ಹಿಡಿಯಿರಿ. ಮೊದಲು ಕೊಳವೆಯ ಉದ್ದಕ್ಕೆ ಕಣ್ಣಿಟ್ಟು ಗುರಿ ಮಾಡಿ, ಆಮೇಲೆ ಐಪೀಸಿನಲ್ಲಿ ನೋಡಿ, ಫೋಕಸ್ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಕಳಶ ತಲೆಕೆಳಗಾಗಿ ಕಂಡರೆ ಗಾಬರಿಯಾಗಬೇಡಿ, ಕನ್ನಡಿಯ ಟೆಲಿಸ್ಕೋಪಿನಲ್ಲಿ ಹಾಗೆಯೇ ಕಾಣುವುದು. ಅದು ನೋಟದ ನಡುವೆ ಬಂದ ಮೇಲೆ ಕೊಳವೆಯನ್ನು ಮುಟ್ಟದೆ, ಗುರಿ ಹಿಡಿಯಲು ಅದರ ಮೇಲಿರುವ ಕೆಂಪು ಚುಕ್ಕೆಯ ಫೈಂಡರಿನ ಎರಡು ತಿರುಪುಗಳನ್ನು ತಿರುಗಿಸಿ ಚುಕ್ಕೆಯನ್ನೂ ಅದೇ ಕಳಶದ ಮೇಲೆ ತನ್ನಿ. ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಇಲ್ಲಿದೆ. ಫೈಂಡರ್ ಹೊಂದಿಸದೆ ಆಕಾಶದಲ್ಲಿ ಹುಡುಕುವುದೆಂದರೆ ಎರಡು ಡಿಗ್ರಿಯಷ್ಟು ಕಿಂಡಿಯಿಂದ ಇಡೀ ಬಾನನ್ನು ತಡಕಿದಂತೆ. ಫೈಂಡರಿನಲ್ಲಿ ಗುಂಡಿಯಂಥ ಬ್ಯಾಟರಿಯ ಕೆಳಗೆ ಪ್ಲಾಸ್ಟಿಕ್ ಪಟ್ಟಿಯೊಂದು ಇರುತ್ತದೆ, ಅದನ್ನು ಎಳೆದು ತೆಗೆಯದಿದ್ದರೆ ಚುಕ್ಕೆ ಹೊತ್ತುವುದೇ ಇಲ್ಲ.

ರಾತ್ರಿ ಮೊದಲು ಚಂದ್ರ. ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗೆ ಒಳ್ಳೆಯ ಕಾಲ, ಹುಣ್ಣಿಮೆ ಬೇಡ. ಹುಣ್ಣಿಮೆಯಲ್ಲಿ ಬಿಸಿಲು ನೇರವಾಗಿ ಬೀಳುವುದರಿಂದ ನೆರಳೇ ಇರುವುದಿಲ್ಲ, ಕುಳಿಗಳೆಲ್ಲ ಸಪ್ಪಟೆ. ಅಷ್ಟಮಿಯ ಆಚೀಚೆ ಬೆಳಕು ಕತ್ತಲೆಯ ಗಡಿಯಲ್ಲಿ ಒಂದೊಂದು ಕುಳಿಯ ಅಂಚೂ ಎದ್ದು ನಿಲ್ಲುತ್ತದೆ. ದಶಮಿಯ ಹೊತ್ತಿಗೆ ಸುಮಾರು 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿಯನ್ನು 65 ಪಟ್ಟಿನಲ್ಲಿ ನೋಡಿ: ಒಳಗೋಡೆಯ ಮೆಟ್ಟಿಲುಗಳು, ನಡುವಿನ ಗುಡ್ಡಗಳು. ಅಪೋಲೊ ಯಾತ್ರಿಕರು ನೆಟ್ಟ ಬಾವುಟ ಕಾಣುವುದೇ ಎಂದು ಇನ್ನೊಂದು ಪತ್ರದಲ್ಲಿ ಕೇಳಿದ್ದಾರೆ. 130 ಮಿ.ಮೀ. ಕನ್ನಡಿ ಚಂದ್ರನ ಮೇಲೆ ಬಿಡಿಸಿ ತೋರಿಸಬಲ್ಲ ಕನಿಷ್ಠ ಗಾತ್ರ ಒಂದೂವರೆ ಎರಡು ಕಿಲೋಮೀಟರ್. ಬಾವುಟ ಕಾಣದು.

ಲಂಡನ್ನಿನಲ್ಲಿರುವ ಮಗ ಬರುವಾಗ 130 ಮಿ.ಮೀ. ಟೆಲಿಸ್ಕೋಪನ್ನು ಈಕ್ವಟೋರಿಯಲ್ ಮೌಂಟ್ ಸಮೇತ ತಂದಿದ್ದಾನೆ. ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತಂತೆ. ಇಲ್ಲಿ ತೂಕದ ಗುಂಡು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. (ಮಂಗಳೂರು)

ಭೂಮಿಯ ತಿರುಗಾಟಕ್ಕೆ ತಕ್ಕಂತೆ ಟೆಲಿಸ್ಕೋಪನ್ನು ತಿರುಗಿಸಲೆಂದು ಮಾಡಿದ ಆಧಾರ ಇದು. ಈ ಮೌಂಟಿನ ಮುಖ್ಯ ಅಕ್ಷ ಧ್ರುವ ನಕ್ಷತ್ರದತ್ತ ತಿರುಗಿರಬೇಕು. ಧ್ರುವದ ಎತ್ತರ ಊರಿನ ಅಕ್ಷಾಂಶದಷ್ಟು: ಲಂಡನ್ನಿನಲ್ಲಿ 51 ಡಿಗ್ರಿ, ಮಂಗಳೂರಿನಲ್ಲಿ 13. ಹಾಗಾಗಿ ಅಕ್ಷ ಇಲ್ಲಿ ಹೆಚ್ಚುಕಡಿಮೆ ಮಲಗಿಬಿಡುತ್ತದೆ, ತೂಕದ ಸರಳು ನೇರ ಕೆಳಗಿಳಿದು ಕಾಲಿಗೆ ತಾಗುತ್ತದೆ. ಉತ್ತರ ದಿಕ್ಕಿಗೆ ಒಂದು ಕಾಲಿನ ಬದಲು ಎರಡು ಕಾಲುಗಳ ನಡುವಿನ ಖಾಲಿ ಜಾಗ ಬರುವಂತೆ ಟ್ರೈಪಾಡ್ ತಿರುಗಿಸಿಡಿ. ಆಗಲೂ ತೊಂದರೆಯಾದರೆ ಅಕ್ಷಾಂಶದ ತಿರುಪನ್ನು 90 ಡಿಗ್ರಿಗೆ ತಂದು ಅಕ್ಷವನ್ನು ನೆಟ್ಟಗೆ ನಿಲ್ಲಿಸಿ. ಆಗ ಅದು ಎಡಬಲ, ಮೇಲೆಕೆಳಗೆ ಚಲಿಸುವ ಸಾದಾ ಮೌಂಟ್ ಆಗುತ್ತದೆ. ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆ, ಕರ್ನಾಟಕದಲ್ಲಿ ಆರಂಭಕ್ಕೆ ಈಕ್ವಟೋರಿಯಲ್ ಬೇಡವೇ ಬೇಡ. ಅಷ್ಟು ಕೆಳಗಿರುವ ಧ್ರುವ ನಕ್ಷತ್ರ ತೆಂಗಿನ ಮರದ ಹಿಂದೆಯೋ ಪಕ್ಕದ ಮನೆಯ ಹಿಂದೆಯೋ ಇರುತ್ತದೆ.

ಶನಿ ಗ್ರಹ ತೀರ ಚಿಕ್ಕದಾಗಿ, ನೀರಿನಡಿಯ ನಾಣ್ಯದ ಹಾಗೆ ಕುಣಿಯುತ್ತದೆ. ಉಂಗುರವೂ ತೆಳು. ಫೋಟೊದಲ್ಲಿ ಇರುವ ಹಾಗೆ ಏಕೆ ಕಾಣುವುದಿಲ್ಲ? (ಬೆಂಗಳೂರು)

ಚಿಕ್ಕದಾಗಿ ಕಾಣುವುದು ಸಹಜ. 65 ಪಟ್ಟಿನಲ್ಲಿ ಶನಿಯ ಗೋಳ ಬರಿಗಣ್ಣಿಗೆ ಕಾಣುವ ಚಂದ್ರನ ಮೂರನೇ ಎರಡರಷ್ಟು ಮಾತ್ರ. ಉಂಗುರ ತೆಳುವಾಗಿರುವುದಕ್ಕೂ ಕಾರಣವಿದೆ: 2025ರ ಮಾರ್ಚಿನಲ್ಲಿ ಅದರ ಅಂಚು ಭೂಮಿಯತ್ತ ತಿರುಗಿತ್ತು. ಅಲ್ಲಿಂದ ನಿಧಾನವಾಗಿ ತೆರೆದುಕೊಳ್ಳುತ್ತಿದ್ದು, 2032ರ ಸುಮಾರಿಗೆ ಪೂರ್ಣ ಅಗಲಕ್ಕೆ ಬರುತ್ತದೆ.

ಕುಣಿತಕ್ಕೆ ಕಾರಣ ನಿಮ್ಮ ತಾರಸಿ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ರಾತ್ರಿ ಹತ್ತರವರೆಗೂ ಬಿಸಿ ಗಾಳಿ ಬಿಡುತ್ತದೆ. ಅಂಗಳವೋ ಹುಲ್ಲಿನ ನೆಲವೋ ಇದ್ದರೆ ಅಲ್ಲಿಗೆ ಹೋಗಿ. ಇಲ್ಲದಿದ್ದರೆ ತಡವಾಗಿ, ಗ್ರಹ ಎತ್ತರಕ್ಕೆ ಬಂದ ಮೇಲೆ ನೋಡಿ. ಪಕ್ಕದ ಮನೆಯ ಎ.ಸಿ. ಯಂತ್ರದ ಮೇಲಿಂದ ನೋಡಬೇಡಿ, ಕಿಟಕಿ ಗಾಜಿನ ಮೂಲಕವಂತೂ ಬೇಡವೇ ಬೇಡ. ಮನೆಯೊಳಗಿಂದ ತಂದ ಕೊಳವೆ ಹೊರಗಿನ ತಂಪಿಗೆ ಹೊಂದಲು ಅರ್ಧ ಗಂಟೆ ಬಿಡಿ.

ಇಷ್ಟಾದರೂ ಮಸುಕಾದರೆ ಕನ್ನಡಿಗಳು ಜರುಗಿರಬಹುದು. ಬಸ್ಸಿನಲ್ಲೋ ಬೈಕಿನಲ್ಲೋ ಒಯ್ದರೆ ಜರುಗುವುದೇ. ಎತ್ತರದಲ್ಲಿರುವ ಪ್ರಕಾಶಮಾನ ನಕ್ಷತ್ರವೊಂದನ್ನು 10 ಮಿ.ಮೀ. ಐಪೀಸಿನ ನಡುವೆ ತಂದು ಫೋಕಸ್ ಸ್ವಲ್ಪ ಕೆಡಿಸಿ. ನಕ್ಷತ್ರ ಬಿಲ್ಲೆಯಾಗಿ ಹಿಗ್ಗುತ್ತದೆ, ಒಳಗೆ ಕಪ್ಪು ಚುಕ್ಕೆ. ಚುಕ್ಕೆ ಬಿಲ್ಲೆಯ ನಟ್ಟನಡುವೆ ಇದ್ದರೆ ಸರಿ. ಒಂದು ಪಕ್ಕಕ್ಕೆ ಸರಿದಿದ್ದರೆ ಹಿಂಭಾಗದ ಮೂರು ತಿರುಪುಗಳಲ್ಲಿ ಒಂದನ್ನು ಕಾಲು ಸುತ್ತು ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವೆ ತಂದು ನೋಡಿ. ಹೆಚ್ಚು ಕೆಟ್ಟರೆ ವಾಪಸ್ಸು ತಿರುಗಿಸಿ ಪಕ್ಕದ ತಿರುಪು ಹಿಡಿಯಿರಿ. ಪ್ರತಿ ಸಲ ನಡುವೆ ತರುವುದನ್ನು ಮರೆಯಬೇಡಿ, ನೋಟದ ಅಂಚಿನಲ್ಲಿ ಸರಿಯಾದ ಕನ್ನಡಿಯೂ ತಪ್ಪಾಗಿ ಕಾಣುತ್ತದೆ. ನಕ್ಷತ್ರ ತಾನಾಗಿ ಜಾರುವುದು ಭೂಮಿಯ ತಿರುಗಾಟದಿಂದ: 65 ಪಟ್ಟಿನಲ್ಲಿ ಒಂದು ಅಂಚಿನಿಂದ ಇನ್ನೊಂದಕ್ಕೆ ಸುಮಾರು ಮೂರು ನಿಮಿಷ.

ಐಪೀಸಿಗೆ ತಿರುಪಿ ಹಾಕುವ ‘ಸನ್ ಫಿಲ್ಟರ್’ ಜೊತೆಗೆ ಬಂದಿದೆ. ಶಾಲೆಯ ಮಕ್ಕಳಿಗೆ ಸೂರ್ಯನನ್ನು ತೋರಿಸಬಹುದೇ? (ಕೊಪ್ಪಳ)

ಬೇಡ. ಅದನ್ನು ಇವತ್ತೇ ಒಡೆದು ಎಸೆಯಿರಿ. ಕನ್ನಡಿ ಒಟ್ಟುಗೂಡಿಸಿದ ಶಾಖವೆಲ್ಲ ಆ ಚಿಕ್ಕ ಗಾಜಿನ ಮೇಲೆ ಬಿದ್ದು ಅದು ಸಿಡಿಯುತ್ತದೆ, ಮರುಕ್ಷಣ ಆ ಬೆಳಕು ಮಗುವಿನ ಕಣ್ಣಿನೊಳಗೆ. ಸೂರ್ಯನಿಗೆ ಕೊಳವೆಯ ಬಾಯಿಯನ್ನೇ ಪೂರ್ತಿ ಮುಚ್ಚುವ, ಟೆಲಿಸ್ಕೋಪಿಗೆಂದೇ ತಯಾರಿಸಿದ ಸೌರ ಫಿಲ್ಮ್ ಬೇಕು, ಗಾಳಿಗೆ ಹಾರದಂತೆ ಟೇಪ್ ಹಾಕಿರಬೇಕು, ಫೈಂಡರ್ ಬಿಚ್ಚಿಟ್ಟಿರಬೇಕು. ಎಕ್ಸ್-ರೇ ಫಿಲ್ಮ್, ಮಸಿ ಹಿಡಿದ ಗಾಜು ಯಾವುದೂ ಸಲ್ಲದು.

ಮಲೆನಾಡಿನ ತೇವದಲ್ಲಿ ಕ್ಯಾಮೆರಾ ಲೆನ್ಸಿಗೇ ಬೂಷ್ಟು ಹಿಡಿಯುತ್ತದೆ. ಟೆಲಿಸ್ಕೋಪ್ ಉಳಿಸಿಕೊಳ್ಳುವುದು ಹೇಗೆ? (ತೀರ್ಥಹಳ್ಳಿ)

ಇಬ್ಬನಿ ಕೂತ ಟೆಲಿಸ್ಕೋಪಿಗೆ ಹೊರಗೇ ಮುಚ್ಚಳ ಹಾಕಬೇಡಿ. ಒಳಗೆ ತಂದು, ಬಾಯಿ ಕೆಳಮುಖವಾಗಿರಿಸಿ, ತಾನಾಗಿ ಆರಿದ ಮೇಲೆ ಮುಚ್ಚಿ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಮಳೆಗಾಲದ ನಾಲ್ಕು ತಿಂಗಳು ಹದಿನೈದು ದಿನಕ್ಕೊಮ್ಮೆ ಜೆಲ್‌ನ ಬಣ್ಣ ನೋಡಿ. ಬಣ್ಣ ಬದಲಾಗಿದ್ದರೆ ಹಳೆಯ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಿ.

ಕನ್ನಡಿಯ ಮೇಲಿನ ಧೂಳಿಗೆ ಹೆದರಬೇಡಿ, ಒರೆಸಲಂತೂ ಹೋಗಬೇಡಿ. ಧೂಳಿನ ಚೂರುಗಳಿಂದ ನೋಟ ಕೆಡದು, ಒಣ ಬಟ್ಟೆಯ ಗೀರು ಶಾಶ್ವತ. ಬೂಷ್ಟೇ ಹಿಡಿದರೆ ಮಾತ್ರ ಕನ್ನಡಿ ಬಿಚ್ಚಿ. ಬಿಚ್ಚುವ ಮುಂಚೆ ಕೊಳವೆಗೂ ಕನ್ನಡಿಯ ತಟ್ಟೆಗೂ ಸೇರುವಂತೆ ಪೆನ್ಸಿಲ್ ಗುರುತು ಹಾಕಿ. ನಲ್ಲಿಯ ಕೆಳಗೆ ತೆಳ್ಳಗೆ ನೀರು ಬಿಟ್ಟು, ಪಾತ್ರೆ ತೊಳೆಯುವ ದ್ರವ ಒಂದು ತೊಟ್ಟು ಹಾಕಿ, ಒದ್ದೆ ಹತ್ತಿಯುಂಡೆಯನ್ನು ಒತ್ತದೆ, ಅದರದೇ ಭಾರದಲ್ಲಿ ಎಳೆಯಿರಿ. ಒಂದು ಉಂಡೆ ಒಂದೇ ಸಲ. ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು, ಓರೆಯಾಗಿ ನಿಲ್ಲಿಸಿ ಆರಲು ಬಿಡಿ.

ಗ್ರಹಗಳು, ಚಂದ್ರ ಆಯಿತು. ನಮ್ಮ ಊರಿನಲ್ಲಿ ಕತ್ತಲೆ ಚೆನ್ನಾಗಿದೆ. ಮುಂದೇನು ನೋಡೋಣ? (ರಾಯಚೂರು ಜಿಲ್ಲೆ)

ಡಿಸೆಂಬರಿನಿಂದ ಮಾರ್ಚಿನವರೆಗೆ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗಿನ ನೀಹಾರಿಕೆ. 26 ಪಟ್ಟಿನಲ್ಲಿ ಬೂದು ರೆಕ್ಕೆಗಳು, 65ರಲ್ಲಿ ಅದರ ಎದೆಯಲ್ಲಿ ನಾಲ್ಕು ನಕ್ಷತ್ರಗಳ ಪುಟ್ಟ ಚೌಕ. ಕೃತ್ತಿಕೆ, ಪುಷ್ಯ ನಕ್ಷತ್ರದ ಗುಚ್ಛ ಇವೆರಡಕ್ಕೂ 25 ಮಿ.ಮೀ. ಐಪೀಸೇ ಬೇಕು, ವರ್ಧನೆ ಹೆಚ್ಚಿದರೆ ಗುಂಪು ಚದುರಿಹೋಗುತ್ತದೆ. ಫೋಟೊದ ಬಣ್ಣಗಳನ್ನು ನಿರೀಕ್ಷಿಸಬೇಡಿ, ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು.

ಆದರೆ ನಮ್ಮ ನಿಜವಾದ ಸಂಪತ್ತು ದಕ್ಷಿಣದಲ್ಲಿದೆ, ವಿದೇಶಿ ಕೈಪಿಡಿಗಳು ಅದನ್ನು ಹೇಳುವುದಿಲ್ಲ. ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ಗುಚ್ಛ ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲ. ರಾಯಚೂರಿನಲ್ಲಿ ಇಪ್ಪತ್ತಾರು ಡಿಗ್ರಿ ಮೇಲೇರುತ್ತದೆ. ಏಪ್ರಿಲ್ ಮಧ್ಯದಲ್ಲಿ ನಡುರಾತ್ರಿ, ಮೇ ಮಧ್ಯದಲ್ಲಿ ಹತ್ತೂವರೆಯ ಹೊತ್ತಿಗೆ ನೇರ ದಕ್ಷಿಣದಲ್ಲಿರುತ್ತದೆ. ಚಿತ್ತಾ ನಕ್ಷತ್ರ ಹಿಡಿಯಿರಿ. ಕೈ ಪೂರ್ತಿ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಹತ್ತು ಡಿಗ್ರಿ. ಚಿತ್ತಾದಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿದರೆ ಮಸುಕಾದ ಚುಕ್ಕೆಯೊಂದು ಬರಿಗಣ್ಣಿಗೇ ಸಿಗುತ್ತದೆ. ಮೊದಲು 25 ಮಿ.ಮೀ., ಆಮೇಲೆ 10 ಮಿ.ಮೀ. ಹಾಕಿ. ನೇರ ದಿಟ್ಟಿಸದೆ ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ, ಮಂದ ಬೆಳಕು ಕಣ್ಣಿನ ಅಂಚಿಗೆ ಹೆಚ್ಚು ತಿಳಿಯುತ್ತದೆ. ಮೊದಲು ಮಂಜಿನ ಉಂಡೆ, ಒಂದೆರಡು ನಿಮಿಷದಲ್ಲಿ ಅದರ ಮೇಲೆ ರವೆ ಚೆಲ್ಲಿದ ಹಾಗೆ ನಕ್ಷತ್ರಗಳು. ಹನ್ನೊಂದರ ಮೇಲೆ ಆಗ್ನೇಯಕ್ಕೆ ತಿರುಗಿ ವೃಶ್ಚಿಕದ ಕೊಂಡಿಯ ಪಕ್ಕದ ಎರಡು ಗುಚ್ಛಗಳನ್ನೂ ನೋಡಿಬಿಡಿ, ಜೂನಿನ ಮೋಡ ಬರುವ ಮುಂಚೆ.