ಫೇಲಾದ ಪೇಪರ್ ನೋಡೋಕೆ ಹೋಗು, ತಂಗಿ

ಸಾಗರದಿಂದ ಜರ್ಮನಿಗೆ ಬಂದ ಮೊದಲ ಸೆಮಿಸ್ಟರಲ್ಲೇ ಒಂದು ಪರೀಕ್ಷೆ ಫೇಲಾಯ್ತು, ವೀಸಾಕ್ಕೆ ತೊಂದರೆ ಆಗುತ್ತಾ, ಪಾರ್ಟ್ ಟೈಮ್ ಕೆಲಸ ಬಿಡಬೇಕಾ, ಮನೆಗೆ ಹೇಳಲಾ ಬೇಡವಾ ಅಂತ ಕೇಳಿದ್ದೀಯ. ನನಗೂ ಮೊದಲ ಚಳಿಗಾಲದಲ್ಲೇ 5.0, ಅಂದರೆ ಇಲ್ಲಿನ ಲೆಕ್ಕದಲ್ಲಿ ಫೇಲ್, ಬಂದಿತ್ತು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಯುವವರೆಗೆ ಒಮ್ಮೆಯೂ ಫೇಲಾದವಳಲ್ಲ. ಎರಡು ದಿನ ಊಟ ಸೇರಿರಲಿಲ್ಲ.

ಒಂದು ಪರೀಕ್ಷೆ ಹೋದರೆ ವೀಸಾ ಹೋಗುವುದಿಲ್ಲ. ಕೆಲಸ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಮಾಡಬಹುದು, ಆದರೆ ಅಷ್ಟೂ ಮಾಡಲೇಬೇಕು ಅಂತೇನಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಕಡಿಮೆ ಮಾಡು.

ನೀನು ಕೇಳದೇ ಇರುವ ಮಾತೇ ಮುಖ್ಯ. ಇಲ್ಲಿ ಫಲಿತಾಂಶ ಬಂದ ಮೇಲೆ ಐನ್‌ಜಿಷ್ಟ್ ಅಂತ ಇಡುತ್ತಾರೆ. ತಿದ್ದಿದ ಉತ್ತರಪತ್ರಿಕೆಯನ್ನು ನಾವೇ ಕೂತು ನೋಡಬಹುದು. ಹೋದರೆ ಮಾರ್ಕ್ಸಿಗೆ ಜಗಳ ಆಡೋಕೆ ಬಂದಳು ಅಂದುಕೊಳ್ಳುತ್ತಾರೆ ಅಂತ ಹೆದರಬೇಡ. ಅದು ನಿನ್ನ ಹಕ್ಕು. ನನ್ನ ಪೇಪರಿನಲ್ಲಿ ಒಂದು ಪುಟ ತುಂಬ ಬರೆದಿದ್ದ ಉತ್ತರದ ಪಕ್ಕ ಕೆಂಪು ಪೆನ್ನಿನಲ್ಲಿ ಸೊನ್ನೆ ಇತ್ತು. ಒಂದು ಪೈಪು ಯಾಕೆ ಒಡೆಯಿತು ಅಂತ ಕೇಳಿದ್ದರು. ಪೈಪಿನ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆದಿದ್ದೆ, ಕಾರಣ ಮಾತ್ರ ಬರೆದಿರಲಿಲ್ಲ. ನಮ್ಮ ಕಡೆ ಪುಟ ತುಂಬಿಸುವ ಅಭ್ಯಾಸ, ನಿನಗೂ ಗೊತ್ತಲ್ಲ. ಮುಂದಿನ ಸಲ ಓದುವ ರೀತಿಯನ್ನೇ ಬದಲಿಸಿದೆ, ಪಾಸಾಯಿತು.

ನನ್ನ ರೂಮ್‌ಮೇಟ್ ತೀರ್ಥಹಳ್ಳಿ ಕಡೆಯವಳು, ನನಗಿಂತ ಬುದ್ಧಿವಂತೆ. "ಯಾವ ಮುಖ ಇಟ್ಟುಕೊಂಡು ಹೋಗಲಿ" ಅಂತ ಅವಳು ಪೇಪರ್ ನೋಡಲೇ ಇಲ್ಲ. ರಾತ್ರಿಯೆಲ್ಲ ಕೂತು ಮೊದಲಿನ ಹಾಗೇ ಓದಿದಳು. ಇಲ್ಲಿ ಬಹಳ ಕಡೆ ಮೂರೇ ಅವಕಾಶ. ಮೂರನೆಯದೂ ಹೋದರೆ ಹೆಸರು ತೆಗೆದುಹಾಕುತ್ತಾರೆ, ಅದೇ ಕೋರ್ಸ್ ಬೇರೆ ಯೂನಿವರ್ಸಿಟಿಯಲ್ಲಿ ಸಿಗುವುದೂ ಕಷ್ಟ. ಅವಳು ಊರಿಗೆ ವಾಪಸ್ ಹೋದಳು. ಕೈ ಹಿಡಿದು ಕರೆದುಕೊಂಡು ಹೋಗಿದ್ದರೆ ಬರುತ್ತಿದ್ದಳೇನೋ ಅನ್ನುವುದು ಇವತ್ತಿಗೂ ಕೊರೆಯುತ್ತದೆ.

ನಿಮ್ಮದೂ ಅಡಿಕೆ ತೋಟದ ಮನೆ ಅಲ್ವಾ? ಅಡಿಕೆಗೆ ಕೊಳೆ ರೋಗ ಬಂದ ವರ್ಷ ನಮ್ಮಪ್ಪ ಉದುರಿದ ಕಾಯಿ ಹೆಕ್ಕಿ ಒಂದೊಂದೇ ನೋಡುತ್ತಿದ್ದರು. ಮಳೆ ಹಿಡಿಯುವ ಮೊದಲೇ ಮದ್ದು ಹೊಡೆದಿದ್ದೆವಾ, ಮೈಲುತುತ್ತಕ್ಕೆ ಸುಣ್ಣ ಸರಿಯಾಗಿ ಬೆರೆತಿತ್ತಾ, ಎರಡನೇ ಸಲದ್ದು ತಡವಾಯಿತಾ ಅಂತ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಹತ್ತಿರ ಕೇಳುತ್ತಿದ್ದರು. ಅದೂ ಒಂಥರಾ ಐನ್‌ಜಿಷ್ಟೇ. ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಮೈಲುತುತ್ತ, ಸುಣ್ಣದ ಈ ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದ, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಡಾಕ್ಟರೇಟ್ ಮಾಡಿದ್ದು ಇಲ್ಲೇ, ಜರ್ಮನಿಯ ಗಟಿಂಗನ್‌ನಲ್ಲಿ. ಅದು ಗೊತ್ತಾದಾಗ ನನಗೆ ತುಂಬಾ ಹೆಮ್ಮೆಯಾಯಿತು.

ಹೋದದ್ದು ಯಾಕೆ ಹೋಯಿತು ಅಂತ ನೋಡುವುದು ತೋಟದ ಮನೆಯವರಿಗೆ ಹೊಸದಲ್ಲ, ಅದಕ್ಕೇ ಮನೆಗೆ ಹೇಳು ಅನ್ನುತ್ತೇನೆ. ಅಮ್ಮ ಸ್ವಲ್ಪ ಅಳಬಹುದು. ಫೋನ್ ನಿನ್ನ ಅಪ್ಪನ ಕೈಗೆ ಕೊಡಲು ಹೇಳು. ಫಸಲು ಕಳೆದುಕೊಂಡು ಮರು ವರ್ಷ ಅದೇ ತೋಟಕ್ಕೆ ಇಳಿದವರು ಅವರು, ಅರ್ಥವಾಗುತ್ತದೆ.

ಐನ್‌ಜಿಷ್ಟ್‌ಗೆ ಸಾಮಾನ್ಯವಾಗಿ ಒಂದೇ ದಿನ ಕೊಡುತ್ತಾರೆ, ತಪ್ಪಿದರೆ ಮತ್ತೆ ಸಿಗುವುದು ಕಷ್ಟ. ಕೆಲವು ಕಡೆ ಮೊದಲೇ ಹೆಸರು ಕೊಡಬೇಕು. ಇವತ್ತೇ ಮೇಲ್ ಮಾಡಿ ದಿನ ಕೇಳು. ಒಬ್ಬಳೇ ಹೋಗೋಕೆ ಹಿಂಜರಿಕೆಯಾದರೆ ಹೇಳು, ಬಾಗಿಲವರೆಗೆ ನಾನು ಬರುತ್ತೇನೆ.